ಟ್ಯಾಂಕಿನೊಳಗಿನ ಉಣ್ಣೆ

ತೊಪ್ಪೂರು ಘಾಟಿಯ ಏರಿನಲ್ಲಿ ನಮ್ಮ ಕಾರು ನಿಂತುಹೋದಾಗ ಅವ್ವ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಸೇಲಂನಲ್ಲಿ ಅವಳ ಡಯಾಲಿಸಿಸ್ ಮುಗಿಸಿಕೊಂಡು ಧರ್ಮಪುರಿ ಕಡೆಯ ನಮ್ಮ ಊರಿಗೆ ಮರಳುತ್ತಿದ್ದೆವು. ಎಂಜಿನ್ ಒಂದೆರಡು ಸಲ ಕೆಮ್ಮಿತು, ಎಷ್ಟು ತುಳಿದರೂ ಮುಂದಕ್ಕೆ ಎಳೆಯಲಿಲ್ಲ, ಆಮೇಲೆ ಸತ್ತೇಹೋಯಿತು. ಪಕ್ಕದಲ್ಲೇ ಲಾರಿಗಳು ಹಾರ್ನ್ ಹೊಡೆಯುತ್ತಾ ಏರುತ್ತಿದ್ದವು. ಮಧ್ಯಾಹ್ನದ ಬಿಸಿಲಿನಲ್ಲಿ ಅಲ್ಲೇ ಕಾದೆವು. ಕೊನೆಗೆ ಪುಣ್ಯಾತ್ಮನೊಬ್ಬ ತನ್ನ ಟೆಂಪೋಗೆ ಹಗ್ಗ ಕಟ್ಟಿ ಊರಿನವರೆಗೂ ಎಳೆದು ತಂದ. ಮನೆಯಲ್ಲಿ ಮಂಚದ ಮೇಲೆ ಮಲಗಿಸಿದ ಮೇಲೆ ಅವ್ವ ಗೋಡೆಯ ಕಡೆ ತಿರುಗಿಕೊಂಡು, ಎಂದಿನ ಮುದ್ದಿನಲ್ಲಿ ನನ್ನನ್ನು ಕಣ್ಣು ಎಂದೇ ಕರೆದು ಹೇಳಿದಳು:

"ಇನ್ಮೇಲೆ ನಾನು ಬರಾಕಿಲ್ಲ ಕಣ್ಣು. ಸಾಕು."

ಹೆದರಿಕೊಂಡಿದ್ದಾಳೆ ಎಂದುಕೊಂಡೆ. ಹೆದರದೆ ಇನ್ನೇನು? ಆದರೆ ಅವಳು ಹೋಗದೆ ಇರುವ ಹಾಗಿರಲಿಲ್ಲ. ರಕ್ತ ಶುದ್ಧಿ ಮಾಡುವುದನ್ನು ನಿಲ್ಲಿಸಿದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಹತ್ತಿರದಲ್ಲೆಲ್ಲೂ ಸರದಿ ಸಿಗದೆ ಸೇಲಂಗೆ ಹೋಗುತ್ತಿದ್ದೆವು. ಮಷೀನಿನಿಂದ ಎದ್ದ ಮೇಲೆ ಅವಳಿಗೆ ನಿಲ್ಲುವ ತ್ರಾಣವೂ ಇರುತ್ತಿರಲಿಲ್ಲ, ಬಸ್ಸಿನ ಮಾತೇ ಇಲ್ಲ. ಮುಂದಿನ ಸರದಿ ನಾಡಿದ್ದೇ ಇತ್ತು. ಕಾರು ಸರಿಹೋದರೆ ಅವ್ವ ಬರುತ್ತಾಳೆ, ಬಂದರೆ ಉಳಿಯುತ್ತಾಳೆ. ನನ್ನ ತಲೆಯಲ್ಲಿ ಇದ್ದ ಲೆಕ್ಕ ಇಷ್ಟೇ.

ಮೆಕ್ಯಾನಿಕ್‌ಗೆ ಫೋನು ಮಾಡಿದೆ. ಟ್ಯಾಂಕಿನ ಒಳಗಿರುವ ಫಿಲ್ಟರ್ ಕಟ್ಟಿಕೊಂಡಿರಬೇಕು ಎಂದ. "ವಂಡಿಯೆ ವಿಟ್ಟುಟ್ಟು ಪೋಂಗಣ್ಣಾ, ಅಡುತ್ತ ವಾರಂ ಪಾಕ್ಕಲಾಂ" ಎಂದ. ಗಾಡಿ ಬಿಟ್ಟುಹೋಗಬೇಕಂತೆ, ಮುಂದಿನ ವಾರ ನೋಡುತ್ತಾನಂತೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ನಿನ್ನ ಮುಂದಿನ ವಾರ ಯಾರಿಗೆ ಬೇಕೋ ಎಂದು ಫೋನಿಟ್ಟೆ. ಧರ್ಮಪುರಿಗೆ ಬಸ್ಸಿನಲ್ಲಿ ಹೋಗಿ ಬಿಡಿಭಾಗಗಳ ಅಂಗಡಿಯಲ್ಲಿ ಫಿಲ್ಟರ್ ಮತ್ತು ಅದರ ಜಾಲರಿ ತಂದೆ. ಹೇಗೆ ಬಿಚ್ಚುವುದೆಂದು ಮೊಬೈಲಿನಲ್ಲಿ ಯಾರೋ ತಮಿಳಿನಲ್ಲಿ ತೋರಿಸಿದ್ದ ವಿಡಿಯೋವನ್ನು ಬರುವ ದಾರಿಯಲ್ಲಿ ಮತ್ತೆ ಮತ್ತೆ ನೋಡಿದೆ.

ಮರುದಿನ ಬೆಳಿಗ್ಗೆ ಮನೆ ಮುಂದಿನ ಹುಣಸೆಮರದ ನೆರಳಿಗೆ ಕಾರನ್ನು ತಳ್ಳಿದೆವು, ನಾನೂ ಅಪ್ಪನೂ. ಅಪ್ಪ ಬದುಕೆಲ್ಲ ಕುರಿ ಕಾದವನು. ಮಂದೆ ಕರಗಿ ನಾಲ್ಕೈದು ಉಳಿದಿವೆ, ಆದರೂ ಹೆಗಲ ಮೇಲಿನ ಕಂಬಳಿ ಇಳಿದಿಲ್ಲ. ನಾನು ಪಾನಾ ಹಿಡಿದದ್ದನ್ನು ನೋಡಿ ಕಲ್ಲಿನ ಮೇಲೆ ಕುಕ್ಕರಿಸಿದ.

"ಗಣಪತಿ ಮಾಡಾಕೋಗಿ ಅವರಪ್ಪನ್ನ ಮಾಡ್ಬೇಡ್ಲಾ" ಎಂದ.

"ನೀನು ಬೀಡಿ ಹಚ್ಚದಿದ್ರೆ ಸಾಕು, ಓಗು ಅತ್ಲಾಗೆ" ಎಂದೆ.

ಬ್ಯಾಟರಿಯ ವೈರು ಕಳಚಿದೆ. ಅವ್ವ ಮಲಗುತ್ತಿದ್ದ ಹಿಂದಿನ ಸೀಟನ್ನು ಎತ್ತಿ ಹೊರಗಿಟ್ಟೆ. ಅವಳ ಹಣೆಗೆ ಹಚ್ಚುತ್ತಿದ್ದ ತೈಲದ ವಾಸನೆ ಸೀಟಿಗೆ ಅಂಟಿಕೊಂಡಿತ್ತು. ಅದರ ಕೆಳಗೆ ತಗಡಿನ ಮುಚ್ಚಳ, ಮುಚ್ಚಳದ ಕೆಳಗೆ ಟ್ಯಾಂಕಿನ ಬಾಯಿ. ಬಾಯಿಗೆ ದೊಡ್ಡ ಬಳೆಯಂಥ ತಿರುಪು. ಕಬ್ಬಿಣ ತಾಗಿಸಿದರೆ ಕಿಡಿ ಹಾರೀತೆಂದು ಮರದ ತುಂಡನ್ನು ಅದಕ್ಕೆ ಆನಿಸಿ ಮೆಲ್ಲಗೆ ಬಡಿದೆ. ಎಷ್ಟೋ ಹೊತ್ತಾದ ಮೇಲೆ ಅದು ತಿರುಗಿತು. ಪೆಟ್ರೋಲಿನ ಘಾಟು ಗಪ್ಪೆಂದು ಮುಖಕ್ಕೆ ಹೊಡೆದು ತಲೆ ತಿರುಗಿತು. ಪಂಪನ್ನು ಓರೆಮಾಡಿ ಮೆಲ್ಲಗೆ ಮೇಲಕ್ಕೆಳೆದೆ.

ಪಂಪಿನ ಬುಡದಲ್ಲಿ ಚೀಲದಂಥ ಒಂದು ಜಾಲರಿ ಇರುತ್ತದೆ. ಅಲ್ಲಿ ಕೆಸರೋ ತುಕ್ಕೋ ಇರಬಹುದು ಎಂದುಕೊಂಡಿದ್ದೆ. ಇದ್ದದ್ದು ಕೂದಲು. ಕಪ್ಪು ಕೂದಲು ಒಂದಕ್ಕೊಂದು ಹೆಣೆದುಕೊಂಡು ಜಾಲರಿಗೆ ಮೆತ್ತಿಕೊಂಡಿತ್ತು. ಬೆರಳಿಗೆ ಸುತ್ತಿ ಎಳೆದೆ. ಟ್ಯಾಂಕಿನೊಳಗೆ ಇದು ಎಲ್ಲಿಂದ ಬಂತೆಂದು ನನಗೆ ತಲೆಬುಡ ತಿಳಿಯಲಿಲ್ಲ.

ಅಪ್ಪ ಎದ್ದು ಬಂದ. ನನ್ನ ಕೈಯಿಂದ ತೆಗೆದುಕೊಂಡು ಉಜ್ಜಿ ನೋಡಿದ. ಅವನಿಗೆ ಕ್ಷಣವೂ ಬೇಕಾಗಲಿಲ್ಲ.

"ಇದು ನಮ್ಮ ಕಂಬಳೀದು" ಎಂದ.

ಆಮೇಲೆ ಎಲ್ಲ ಹೊರಬಂತು. ಬಂಕಿನ ಪೆಟ್ರೋಲನ್ನು ಅಪ್ಪ ಎಂದೂ ನಂಬಿದವನಲ್ಲ, ನೀರು ಬೆರೆಸುತ್ತಾರೆ ಎನ್ನುತ್ತಿದ್ದ. ಅವ್ವನನ್ನು ಕರೆದುಕೊಂಡು ಹೋಗುವ ದಿನ ಬೆಳಗ್ಗೆ ಕ್ಯಾನಿನಲ್ಲಿ ಪೆಟ್ರೋಲು ತಂದು ಟ್ಯಾಂಕಿಗೆ ಹಾಕುವ ಕೆಲಸ ಅವನದು. ನಾನು ಒಳಗೆ ಅವ್ವನಿಗೆ ಸೀರೆ ಸರಿಮಾಡಿ ಎಬ್ಬಿಸಿ ಕೂರಿಸುವಷ್ಟರಲ್ಲಿ ಅವನು ಹೊರಗೆ ಹಳೇ ಕಂಬಳಿಯ ತುಂಡನ್ನು ಆಲಿಕೆಗೆ ಹಾಸಿ ಸೋಸಿ ಹುಯ್ಯುತ್ತಿದ್ದನಂತೆ. ನಮ್ಮಲ್ಲಿ ಕಂಬಳಿಗೆ ಅಷ್ಟು ಬೆಲೆ. ಮದುವೆಗೂ ಅದನ್ನೇ ಹಾಸುತ್ತೇವೆ, ದೇವರನ್ನು ಕೂರಿಸುವುದಕ್ಕೂ ಅದನ್ನೇ ಹಾಸುತ್ತೇವೆ. ಕೆಟ್ಟದ್ದು ಕಂಬಳಿ ದಾಟುವುದಿಲ್ಲ ಎಂದು ಅವನು ನಂಬಿದ್ದ.

"ಮಳೇಲಿ ಕಂಬಳಿ ಒದ್ಕೊಂಡ್ರೆ ನೀರು ಒಳಕ್ಕಿಳಿಯಾಕಿಲ್ಲ ಅಲ್ವೇನ್ಲಾ. ಪೆಟ್ರೋಲು ಇಳೀತೈತೆ, ನೀರು ಮೇಲೇ ನಿಲ್ತೈತೆ. ನಿಮ್ಮವ್ವನ್ನ ಕರ್ಕೊಂಡು ಓಗೋವಾಗ ವಂಡಿ ದಾರೀಲಿ ನಿಲ್ಬಾರ್ದು ಅಂತ ಮಾಡ್ದೆ."

ನನಗೆ ಬಂದ ಸಿಟ್ಟಿಗೆ ಪಾನಾ ತೆಗೆದು ಎಸೆದುಬಿಟ್ಟೆ. ಯಾರನ್ನು ಬೈಯಲಿ? ಅವಳ ದಾರಿ ಸುಗಮವಾಗಲಿ ಎಂದು ಒಂದು ದಿನವೂ ತಪ್ಪಿಸದೆ ಸೋಸಿದ್ದಾನೆ, ಅವನ ಆ ಅಕ್ಕರೆಯೇ ಎಳೆ ಎಳೆಯಾಗಿ ಇಳಿದು ಟ್ಯಾಂಕಿನ ಉಸಿರು ಕಟ್ಟಿಸಿದೆ. ಅಪ್ಪ ಆ ಉಣ್ಣೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದ. ಅವನ ಮುಖ ನೋಡಲಾಗದೆ ಎಸೆದ ಪಾನಾ ಹುಡುಕುವ ನೆಪದಲ್ಲಿ ಬೇಲಿಯ ಹತ್ತಿರ ಹೋಗಿ ಕಣ್ಣೊರೆಸಿಕೊಂಡೆ.

ತಳದ ಪೆಟ್ರೋಲನ್ನೆಲ್ಲ ಹೀರಿ ತೆಗೆದೆ. ಹೊಸ ಫಿಲ್ಟರ್, ಹೊಸ ಜಾಲರಿ ಹಾಕಿ, ರಬ್ಬರಿನ ವಾಷರ್ ಜಾರದಂತೆ ಬೆರಳಿನಿಂದ ಒತ್ತಿ ಹಿಡಿದು ತಿರುಪನ್ನು ಬಿಗಿದೆ. ಅಪ್ಪ ಮೊಪೆಡ್ಡಿನಲ್ಲಿ ಹೋಗಿ ಪೆಟ್ರೋಲು ತಂದ. ಟ್ಯಾಂಕಿಗೆ ಹಾಕಲು ಅವನು ಮುಂದೆ ಬರಲಿಲ್ಲ, ನಾನೇ ಹುಯ್ದೆ. ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿ ಕೀಲಿ ತಿರುಗಿಸಿದರೆ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಊರ ಹೊರಗಿನ ದಿಬ್ಬವನ್ನು ಏರಿಸಿ ಇಳಿಸಿ ತಂದೆ, ಎಲ್ಲೂ ಕೆಮ್ಮಲಿಲ್ಲ. ಎಷ್ಟೋ ದಿನಗಳ ಮೇಲೆ ನನಗೆ ಎದೆ ಹಗುರವಾಯಿತು.

ಸರದಿಯ ದಿನ ಬೆಳಿಗ್ಗೆ ಕಾರನ್ನು ಬಾಗಿಲಿಗೇ ತಂದು ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ, ಆ ಸದ್ದು ಅವ್ವನ ಕಿವಿಗೆ ಬೀಳಲಿ ಎಂದು. ಅಪ್ಪ ಆಗಲೇ ಒಗೆದ ಪಂಚೆಯುಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದ. ನಾನು ಒಳಗೆ ಹೋಗಿ ಮಂಚದ ಪಕ್ಕ ಕುಳಿತೆ.

"ಅವ್ವಾ, ವಂಡಿ ಸರಿಹೋಯ್ತು. ಕೇಳು, ಎಂಗೆ ಓಡ್ತೈತೆ. ಇನ್ನು ನಿಲ್ಲಾಕಿಲ್ಲ. ಏಳು."

ಅವ್ವ ನನ್ನ ಕೈ ಹಿಡಿದುಕೊಂಡಳು. ಊದಿಕೊಂಡ ಕೈ, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈ.

"ವಂಡಿಗೆ ಎದ್ರಿಕೊಂಡು ಬರಾಕಿಲ್ಲ ಅಂದೆ ಅಂದ್ಕೊಂಡ್ಯಾ ಕಣ್ಣು? ಅವತ್ತು ಗಾಟಿಲಿ ವಂಡಿ ನಿಂತೋದಾಗ ನಂಗೆ ಎಷ್ಟು ನೆಮ್ಮದಿ ಆಯ್ತು ಗೊತ್ತಾ? ಅಬ್ಬ, ಇನ್ನು ಯಾರೂ ನನ್ನ ಎಲ್ಲಿಗೂ ಕರ್ಕೊಂಡೋಗಾಕಿಲ್ಲ ಅನ್ನಿಸ್ತು. ಬಿಟ್ಬಿಡಪ್ಪಾ. ಅಪ್ಪಂಗೆ ನೀನೇ ತಿಳಿಸ್ಬಿಡು."

ಬೇಡಿಕೊಂಡೆ, ಗದರಿದೆ, ಕಾಲು ಹಿಡಿದೆ. ಅವಳು ನನ್ನ ತಲೆ ನೇವರಿಸುತ್ತಿದ್ದಳೇ ಹೊರತು ಏಳಲಿಲ್ಲ. ಹೊರಗೆ ಎಂಜಿನ್ ಒಂದೇ ಸಮನೆ ಓಡುತ್ತಿತ್ತು. ಕೊನೆಗೆ ಎದ್ದು ಹೋಗಿ ಕಾರಿನ ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿ ಆರಿಸಿದೆ.

ಅಪ್ಪ ಬೆಚ್ಚಿಬಿದ್ದು ನನ್ನ ಕೈ ಹಿಡಿದುಕೊಂಡ.

"ಯಾಕ್ಲಾ, ಮತ್ತೆ ನಿಂತೋಯ್ತಾ? ಇನ್ನೂ ಉಣ್ಣೆ ಐತಾ ಒಳಗೆ?"

"ಇಲ್ಲಪ್ಪಾ" ಎಂದೆ. "ವಂಡಿ ಚೆನ್ನಾಗೈತೆ. ನಾನೇ ನಿಲ್ಲಿಸ್ದೆ."