ಹಿಮ್ಮಡಿ ಹುಡುಕಿದ ಕಲ್ಲು

ಅಪ್ಪನ ಮುಖಕ್ಕಿಂತ ಅವನ ಬಲಗಾಲಿನ ಹಿಮ್ಮಡಿಯೇ ನನಗೆ ಹೆಚ್ಚು ಸ್ಪಷ್ಟವಾಗಿ ನೆನಪಿದೆ. ಒಡೆದು ಸೀಳು ಬಿಟ್ಟು, ಮಣ್ಣಿನ ಬಣ್ಣಕ್ಕೆ ತಿರುಗಿದ ಹಿಮ್ಮಡಿ. ಹುಮನಾಬಾದಿನ ಹತ್ತಿರ ಒಂದು ಬಾವಿಯ ಅಂಚಿನಲ್ಲಿ ಅದು ನೆಲ ತಡವುತ್ತ, ತಡವುತ್ತ ಹಿಂದಕ್ಕೆ ಬಂದದ್ದನ್ನು ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಿದೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಶಾಲೆಯಲ್ಲಿ ಹಲಗೆಯ ಮೇಲೆ ಬರೆಯುವಾಗ, ಅನ್ನಕ್ಕೆ ನೀರಿಡುವಾಗ, ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದಾಗ ಆ ಅರ್ಧ ನಿಮಿಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ನಾನು ನಿಂತಲ್ಲೇ ನಿಂತಿರುತ್ತೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗುಲಬರ್ಗಾದಲ್ಲಿ ಕಾಲೇಜು ಮುಗಿಸಿದ ಮೇಲೆ ನಾನು ಬಸವಕಲ್ಯಾಣದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಕೋಟೆಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ; ಇದ್ದವಳು ನಾನೊಬ್ಬಳೇ. ಅಪ್ಪ ನಮ್ಮೂರು ಮೋರಖಂಡಿಯಲ್ಲಿ ಅಣ್ಣನ ಜೊತೆ ಇದ್ದ. ಅವ್ವ ಹೋಗಿ ಹತ್ತು ವರ್ಷವಾಗಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿಯೂ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಹಗಲು ಯಾರೂ ಇರುತ್ತಿರಲಿಲ್ಲ. ಅಪ್ಪ ಹೊಲದ ದಾರಿ ಮರೆತು ಯಾರದೋ ಜೋಳದಲ್ಲಿ ಕುಳಿತಿರುತ್ತಿದ್ದ. ಊರವರು ಅರಳುಮರಳು ಎಂದರು. ಗುಲಬರ್ಗಾದ ಡಾಕ್ಟರರು ಡಿಮೆನ್ಶಿಯಾ ಎಂದು ಚೀಟಿಯಲ್ಲಿ ಬರೆದು, ಇದಕ್ಕೆ ಔಷಧವಿಲ್ಲ, ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ ಎಂದರು. ನಾನು ಅಪ್ಪನನ್ನು ಬಸವಕಲ್ಯಾಣಕ್ಕೆ ಕರೆತಂದೆ.

ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕಾದವಳು ಬೆಳಿಗ್ಗೆ ಹತ್ತಕ್ಕೆ ಶಾಲೆಗೆ ಹೋಗಬೇಕಿತ್ತು. ಎರಡು ಸಲ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಮೂರನೆಯ ಸಲದ ಹೆದರಿಕೆಯಿಂದ ನಾನು ಹೊರಗಿನಿಂದ ಕೀಲಿ ಹಾಕತೊಡಗಿದೆ. ಒಂದು ಸಂಜೆ ಮರಳಿದಾಗ ಅವನು ಕಿಟಕಿಯ ಸರಳು ಹಿಡಿದು ನಿಂತಿದ್ದ. ನನ್ನನ್ನು ನೋಡಿ, ಗುರುತಿಲ್ಲದ ಹೆಂಗಸನ್ನು ಕೇಳುವಂತೆ ಬಹಳ ಮರ್ಯಾದೆಯಿಂದ ಕೇಳಿದ:

"ಬಾಯಾರ, ಈ ಮನಿಯವರು ಎಲ್ಲಿಗಿ ಹೋಗ್ಯಾರ್ರಿ? ಕೀಲಿ ಅವರ ಹತ್ರ ಅದ. ನಂದೇನೂ ತಪ್ಪಿಲ್ಲ ಅಂತ ಜರಾ ಹೇಳ್ರಿ."

ಕೀಲಿ ನನ್ನ ಕೈಯಲ್ಲಿತ್ತು. ಮರುದಿನವೇ ಅಣ್ಣನಿಗೆ ಕಾಗದ ಬರೆದೆ. ಅಪ್ಪನಿಗೆ ಒಂದು ಜಾಗ ನೋಡಬೇಕು, ಹಗಲೆಲ್ಲ ಯಾರಾದರೂ ಜೊತೆಗಿರುವ ಜಾಗ.

ಆಗ ನಮ್ಮ ಕಡೆ ಇಂಥದ್ದಕ್ಕೆ ಸರಿಯಾದ ಹೆಸರೂ ಇರಲಿಲ್ಲ. ವೃದ್ಧರನ್ನು ಇಟ್ಟುಕೊಳ್ಳುವ ಎರಡು ಜಾಗಗಳ ಬಗ್ಗೆ ಕೇಳಿ ತಿಳಿದೆವು. ಮೊದಲನೆಯದು ದೊಡ್ಡ ಊರಿನಲ್ಲಿತ್ತು; ನಾನೂ ಅಣ್ಣನೂ ಅಪ್ಪನನ್ನು ಕರೆದುಕೊಂಡೇ ಹೋದೆವು. ಸ್ವಚ್ಛವಾಗಿತ್ತು. ಉದ್ದನೆಯ ಹಾಲ್, ಸಾಲಾಗಿ ಮಂಚ, ಪ್ರತಿ ಮಂಚಕ್ಕೂ ನಂಬರು, ಬಾಗಿಲಿಗೆ ಕಬ್ಬಿಣದ ಕಂಬಿ. ಬಾಗಿಲಲ್ಲಿ ಖಾಕಿ ತೊಟ್ಟ ಕಾವಲುಗಾರ, ಮೆದು ಮಾತಿನ ಮನುಷ್ಯ. ಅವನನ್ನು ನೋಡಿದ್ದೇ ತಡ, ಅಪ್ಪ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲನ್ನು ಕಂಕುಳಿಗೆ ಸೇರಿಸಿ, ಕೈ ಜೋಡಿಸಿ ನಿಂತ.

"ಹಾಜರ್ ಅದೀನ್ರಿ, ಅಮೀನ್ ಸಾಹೇಬ್ರ."

ಅಮೀನ ಎಂದರೆ ನಿಜಾಮರ ಕಾಲದ ಪೊಲೀಸ್ ಅಧಿಕಾರಿ. ಅಪ್ಪನ ತಲೆಯಲ್ಲಿ ನಮ್ಮ ಹೆಸರುಗಳು ಅಳಿಸಿದ್ದವು, ಆ ಹೆದರಿಕೆ ಮಾತ್ರ ಉಳಿದಿತ್ತು. ನಾವು ಅಲ್ಲಿದ್ದ ಒಂದು ತಾಸೂ ಅವನು ಕೂರಲಿಲ್ಲ. ಕಾವಲುಗಾರ ಪಾಪ, "ಅಜ್ಜಾರ, ನಾ ಅಮೀನ ಅಲ್ರಿ, ನನ್ನ ಮಾತು ನನ್ನ ಹೆಂಡ್ತೀನೂ ಕೇಳಂಗಿಲ್ಲ" ಎಂದು ನಗಿಸಲು ನೋಡಿದ. ಅಪ್ಪ ನಗಲಿಲ್ಲ.

ಎರಡನೆಯದು ಹುಮನಾಬಾದಿನಿಂದ ಮಾಣಿಕನಗರದ ಕಡೆ ಹೋಗುವಾಗ ಸ್ವಲ್ಪ ಒಳಗೆ, ಒಂದು ಹೊಲದ ಮನೆ. ಸರಕಾರಿ ದವಾಖಾನೆಯಲ್ಲಿ ನೌಕರಿ ಮುಗಿಸಿದ ಒಬ್ಬ ನರ್ಸಬಾಯಿ ಅದನ್ನು ನಡೆಸುತ್ತಿದ್ದರು. ಕೊಹಿನೂರ ಎಂಬ ಹಳ್ಳಿಯ ಕಡೆಯ ದನಗಾಹಿ ಮನೆತನದವರು. ಎಂಟು ಮಂದಿ ಮುದುಕ ಮುದುಕಿಯರು, ಅಡುಗೆಗೆ ಒಬ್ಬಳು, ಎರಡು ಎಮ್ಮೆ. ಮನೆಯ ಹಿಂದೆ ಒಂದು ಹಳೆಯ ಬಾವಿ. ಅದಕ್ಕೆ ಎರಡು ಮರದ ಕಂಬ, ನಡುವೆ ತುಕ್ಕು ಹಿಡಿದ ಗಾಲಿ, ಮುಂದೆ ಎತ್ತು ಇಳಿಯುವ ಇಳಿಜಾರು.

ಮೊದಲ ಸಲ ನಾವಿಬ್ಬರೇ ಹೋಗಿದ್ದೆವು; ಅಣ್ಣ ಆ ಇಳಿಜಾರು ನೋಡಿ ನಿಂತುಬಿಟ್ಟ. "ತಂಗಿ, ನಮ್ಮ ಬಾವೀನ ಇಲ್ಲಿ ಬಂದು ಕುಂತಂಗ ಅದ" ಎಂದ.

ನಮ್ಮ ಮೋರಖಂಡಿಯ ಹೊಲಕ್ಕೆ ಕರೆಂಟಿನ ಪಂಪು ಬರುವವರೆಗೆ ಅಪ್ಪ ಮೋಟ ಹೊಡೆದವನು. ಮೋಟ ಎಂದರೆ ದೊಡ್ಡ ಚರ್ಮದ ಚೀಲ. ಹಗ್ಗದ ಒಂದು ತುದಿಗೆ ಅದು, ಇನ್ನೊಂದು ತುದಿಗೆ ಜೋಡೆತ್ತು. ಎತ್ತು ಇಳಿಜಾರಿನಲ್ಲಿ ಇಳಿದರೆ ಚೀಲ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತದೆ. ಆಮೇಲೆ ಎತ್ತುಗಳನ್ನು ತಿರುಗಿಸುವುದಿಲ್ಲ. ಹಾಗೆಯೇ ಹಿಂದಕ್ಕೆ ನಡೆಸಿ ಬಾವಿಯವರೆಗೆ ತರಬೇಕು. ಹಗ್ಗ ಹಿಡಿದವನು ಅವುಗಳ ಹಿಂದೆ, ತಾನೂ ಹಿಂದಕ್ಕೆ ನಡೆಯುತ್ತ ಬರಬೇಕು. ಬಾವಿಗೆ ಬೆನ್ನು ಹಾಕಿಯೇ ಹೋಗುವುದು, ಬೆನ್ನು ಹಾಕಿಯೇ ಬರುವುದು. ಬಾವಿಯ ಅಂಚಿಗೆ ಮೂರು ಗೇಣು ಮೊದಲು ನಮ್ಮಜ್ಜ ಒಂದು ಉದ್ದನೆಯ ಕರಿಕಲ್ಲು ಹೂಳಿದ್ದ, ನಾಲ್ಕು ಬೆರಳು ಮೇಲೆದ್ದು ಕಾಣುವಂತೆ. ಅಪ್ಪನ ಹಿಮ್ಮಡಿಗೆ ಅದು ತಾಗಿದರೆ ಅವನು ನಿಲ್ಲುತ್ತಿದ್ದ, ಎತ್ತೂ ನಿಲ್ಲುತ್ತಿದ್ದವು. ಕಾಲುವೆಯ ಬಾಯಲ್ಲಿ ನಿಂತ ಅವ್ವ ಒಳಗೆ ಬಗ್ಗಿ ನೋಡಿ, ಚೀಲ ಮುಳುಗಿದ ಮೇಲೆ ಕೂಗುತ್ತಿದ್ದಳು: "ತುಂಬ್ತು ನೋಡ್ರಿ." ಅಪ್ಪ ದಿನಕ್ಕೆ ನೂರು ಸಲ ಅದೇ ಉತ್ತರ ಕೊಡುತ್ತಿದ್ದ: "ಹೂಂ, ಕಿವಿ ಅದಾವ ನನಗ." ಮತ್ತೆ ಮುಂದಕ್ಕೆ ಹೊಡೆಯುತ್ತಿದ್ದ.

ಆದ್ದರಿಂದ ನಾವು ಬಾವಿ ನೋಡಿ ಮನೆ ಆರಿಸಿದೆವು. ಬೇರೆ ಊರಿನವರು ಇಂಥ ಜಾಗದಲ್ಲಿ ಬಾವಿ ಕಂಡರೆ ಹೆದರಿ ಹೋಗುತ್ತಿದ್ದರೇನೋ. ನಮಗೆ ಅದೇ ಧೈರ್ಯ ಕೊಟ್ಟಿತು.

ಅಪ್ಪನನ್ನು ಕರೆದುಕೊಂಡು ಹೋದ ದಿನ ನೋಡಿದರೆ ಬಾವಿಯ ಸುತ್ತ ಜಾಲಿಮುಳ್ಳಿನ ಬೇಲಿ ಎದ್ದಿತ್ತು. ನರ್ಸಬಾಯಿ ನಮಗಾಗಿಯೇ ಹಾಕಿಸಿದ್ದರು.

"ಇದ್ಯಾಕ್ರಿ?" ಎಂದೆ. "ನಮ್ಮಪ್ಪ ಬಾವಿ ನೋಡಿ ಸಮಾಧಾನ ಆಗ್ಲಿ ಅಂತನ ಇಲ್ಲಿಗಿ ತಂದೀವಿ."

"ಅಕ್ಕೋರ, ನೀವು ನಿಮ್ಮಪ್ಪಗ ಬಾವಿ ಬೇಕಂತೀರಿ. ನಾಳೆ ಇನ್ನೊಬ್ಬರು ಬಂದು ತಮ್ಮಪ್ಪಗ ಕುದುರಿ ಬೇಕಂತಾರ. ನಾ ಎಲ್ಲಾರನ್ನೂ ಜೀವಂತ ಇಡಬೇಕಲ್ರಿ."

"ನಲವತ್ತು ವರ್ಷ ಬಾವಿ ದಂಡಿ ಮ್ಯಾಲೆ ನಡದಾನ್ರಿ ಅಂವ. ಒಂದು ದಿನ ಕಾಲು ಜಾರಿಲ್ಲ. ಎಲ್ಲಾ ಮರತಿರಬಹುದು, ಬಾವಿ ಮರಿಯಂಗಿಲ್ಲ."

ಇದನ್ನು ಹೇಳಿದವಳು ನಾನು, ಅಣ್ಣನಲ್ಲ. ಕಲಿತವಳ ಮಾತು ಎಂದು ಅವರು ಒಪ್ಪಿಕೊಂಡರು ಅಂತ ಈಗಲೂ ಅನಿಸುತ್ತದೆ. "ನನಗ ಮನಸಿಲ್ಲ. ನೀವಿಬ್ರೂ ಇಲ್ಲೇ ನಿಲ್ಲೋದಾದ್ರ ಒಂದು ಬಾಜು ಸರಿಸ್ತೀನಿ" ಎಂದು ಅವರೇ ಕೋಲಿನಿಂದ ಮುಳ್ಳು ಎಳೆದರು. ಆಮೇಲೆ ಚಹಾ ತರಲು ಒಳಗೆ ಹೋದರು.

ಅಪ್ಪ ಗಾಲಿಯನ್ನು ನೋಡಿದ. ಕೈಯಲ್ಲಿದ್ದ ಕೋಲನ್ನು ಕೆಳಗೆ ಹಾಕಿ ಧೋತರ ಮೇಲೆ ಕಟ್ಟಿದ. ಖಾಲಿ ಗಾಳಿಯಲ್ಲಿ ಎರಡು ಹಗ್ಗ ಹಿಡಿದ. ನಾಲಿಗೆಯಿಂದ ಟಕ್ ಟಕ್ ಸದ್ದು ಮಾಡುತ್ತ ಇಳಿಜಾರಿನಲ್ಲಿ ಇಳಿದ. ತಿಂಗಳುಗಳಿಂದ ಕುಗ್ಗಿದ್ದ ಬೆನ್ನು ನೆಟ್ಟಗಾಗಿತ್ತು. ಗುಣುಗುಣು ಏನೋ ಹಾಡುತ್ತಿದ್ದ.

"ಎತ್ತು ಕಾಣಾಕತ್ಯಾವ ಅವಗ" ಎಂದು ಅಣ್ಣ ನಕ್ಕ. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು. ಅಪ್ಪ ನಮಗೆ ಮರಳಿ ಸಿಕ್ಕ ಎಂದುಕೊಂಡೆ.

ಕೆಳಗೆ ಮುಟ್ಟಿದವನು ಹಗ್ಗ ಬಿಗಿ ಹಿಡಿದು ಹಿಂದಕ್ಕೆ ಬರತೊಡಗಿದ. "ಸರಿ, ಸರಿ, ಹಿಂದ ಸರಿ" ಎಂದು ಎತ್ತುಗಳಿಗೆ ಹೇಳುತ್ತ, ನಿಧಾನವಾಗಿ, ಒಂದು ಹೆಜ್ಜೆಯೂ ತಪ್ಪದೆ. ಬಾವಿ ಹತ್ತಿರವಾದಂತೆ ಅವನ ಬಲಗಾಲು ಪ್ರತಿ ಹೆಜ್ಜೆಗೂ ಹಿಂದೆ ಚಾಚಿ ನೆಲ ತಡವತೊಡಗಿತು. ಒಂದು ಹೆಜ್ಜೆ. ತಡವುವುದು. ಇನ್ನೊಂದು ಹೆಜ್ಜೆ. ನಾನು ಇನ್ನೂ ನಗುತ್ತಿದ್ದೆ.

ಅಣ್ಣನ ನಗು ನಿಂತದ್ದು ನನಗೆ ಕೇಳಿಸಿತು. ಅವನು ಮೆಲ್ಲಗೆ ಹೇಳಿದ: "ತಂಗಿ, ಇಲ್ಲಿ ಕಲ್ಲಿಲ್ಲ."

ಅಪ್ಪನಿಗೆ ಬಾವಿ ಗೊತ್ತು ಎಂದುಕೊಂಡಿದ್ದೆವು. ಅವನಿಗೆ ಗೊತ್ತಿದ್ದದ್ದು ಆ ಕಲ್ಲು. ಅದು ತಾಗುವವರೆಗೂ ಅವನು ಬರುತ್ತಲೇ ಇರುತ್ತಾನೆ.

ನಾನು "ಅಪ್ಪಾ" ಎಂದು ಚೀರಿದೆ. ಅದಕ್ಕಿಂತ ಕೆಟ್ಟ ಕೆಲಸ ಇರಲಿಲ್ಲ. ಎತ್ತು ಬೆದರಿದವೆಂದು ತಿಳಿದು ಅವನು ಹಗ್ಗ ಜಗ್ಗಿ ಹಿಡಿದ. ಎರಡು ಹೆಜ್ಜೆ ಒಮ್ಮೆಗೇ ಹಿಂದೆ ಬಂದ. ಹಿಮ್ಮಡಿ ಅಂಚಿನ ಮೇಲಿತ್ತು. ಮಣ್ಣಿನ ಒಂದು ಹೆಂಟೆ ಕಳಚಿ ಬಿತ್ತು. ನೀರಿನ ಸದ್ದು ಬಹಳ ತಡವಾಗಿ ಬಂತು.

ಅಣ್ಣ ಓಡಲಿಲ್ಲ. ಎದುರಿನಿಂದ ಓಡಿ ಬಂದರೆ ಎತ್ತು ಹಿಂದಕ್ಕೇ ಸರಿಯುತ್ತವೆ, ಹಗ್ಗ ಹಿಡಿದವನೂ ಸರಿಯುತ್ತಾನೆ; ಅದು ಅವನಿಗೆ ಗೊತ್ತಿತ್ತು. "ಅವ್ವನ ಹಂಗ ಕೂಗು" ಎಂದ ನನಗೆ. ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ಮತ್ತೊಂದು ಹೆಂಟೆ ಬಿತ್ತು.

ಆಗ ಅಣ್ಣನೇ ಕೂಗಿದ. ಬೀಡಿ ಸೇದಿ ಒರಟಾದ ಗಂಟಲಿನಿಂದ, ಆದರೆ ಅವ್ವ ಎಳೆಯುತ್ತಿದ್ದ ಹಾಗೆಯೇ ಎಳೆದು, ಏನೂ ಅವಸರವಿಲ್ಲದವನಂತೆ: "ತುಂಬ್ತು ನೋಡ್ರಿ."

ಅಪ್ಪ ನಿಂತ.

"ಹೂಂ, ಕಿವಿ ಅದಾವ ನನಗ."

ಟಕ್ ಟಕ್ ಎನ್ನುತ್ತ ಮುಂದಕ್ಕೆ ಇಳಿದು ಹೋದ. ಇಳಿಜಾರಿನ ಕೊನೆಯಲ್ಲಿ ಅಣ್ಣ ಅವನ ಎರಡೂ ಕೈ ಹಿಡಿದುಕೊಂಡು ಹಾಗೆಯೇ ನೆಲಕ್ಕೆ ಕುಕ್ಕರಿಸಿದ. "ಯಾಕ ಕುಂತಿ? ನೀರು ಹರೀಲಿ" ಎಂದು ಅಪ್ಪ ಬೈಯುತ್ತಿದ್ದ.

ನರ್ಸಬಾಯಿ ಚಹಾದ ಕಪ್ಪುಗಳ ಜೊತೆ ಬಂದರು. ಕಳಚಿದ ಅಂಚನ್ನೂ ನಮ್ಮ ಮುಖಗಳನ್ನೂ ನೋಡಿದರು. ಕಪ್ಪುಗಳನ್ನು ಕೆಳಗಿಟ್ಟು, ಮೊದಲು ಮುಳ್ಳು ಎಳೆದು ಮುಚ್ಚಿದರು.

"ತಪ್ಪು ನಂದೂ ಅದ" ಎಂದರು ಆಮೇಲೆ. "ಮನಸಿಲ್ಲ ಅಂದಾಕಿ ಸರಿಸಬಾರದಿತ್ತು."

ಅಪ್ಪನನ್ನು ಕರೆದುಕೊಂಡು ಮರಳಿದೆವು. ಬಸ್ಸಿನಲ್ಲಿ ಅಣ್ಣ ಹೇಳಿದ: "ಆ ಕಂಬಿ ಇದ್ದ ಮನೀನ ಚಲೋ. ಕೈ ಜೋಡಿಸಿ ನಿಂತ್ರೂ ನಿಲ್ಲಲಿ. ಜೀವ ಇರ್ತದಲ್ಲ." ಎಂಟು ದಿನ ಶಾಲೆಗೆ ರಜೆ ಹಾಕಿ ಅಪ್ಪನ ಎದುರಿಗೆ ಕುಳಿತೆ. ಆ ಖಾಕಿಯ ಮುಂದೆ ಉಳಿದ ಆಯುಷ್ಯವೆಲ್ಲ ಬರಿಗಾಲಿನಲ್ಲಿ ನಿಲ್ಲುವವನು ಇವನೇ ಎಂದು ನೋಡುತ್ತ ಕುಳಿತೆ. ಅವನು ಮನೆಯೊಳಗೂ ಹಿಂದಕ್ಕೆ ನಡೆಯುತ್ತಿದ್ದ, ಗೋಡೆ ತಾಗುವವರೆಗೆ.

ಒಂಬತ್ತನೆಯ ದಿನ ಅಪ್ಪನನ್ನು ಅಣ್ಣನ ಹತ್ತಿರ ಬಿಟ್ಟು ಮತ್ತೆ ಹುಮನಾಬಾದಿಗೆ ಹೋದೆ, ಒಬ್ಬಳೇ. ಬಾವಿಯ ಮೇಲೆ ದಪ್ಪ ಹಲಗೆಗಳನ್ನು ಜಡಿಸಿ ಆಗಿತ್ತು. ಮೇಲೆ ಮತ್ತೆ ಮುಳ್ಳು.

"ನಡಿಯೋದು ಬಿಡ್ಸಾಕ ಆಗಂಗಿಲ್ಲ ಅಕ್ಕೋರ" ಎಂದರು ನರ್ಸಬಾಯಿ. "ಬಿಡಿಸಿದ್ರ ಮಂಚ ಹಿಡೀತಾರ. ನಡೀಲಿ. ಎಲ್ಲಿ ನಿಲ್ತಾರ ಅನ್ನೋದು ನನಗ ಹೇಳ್ರಿ. ಮಂದೀನ ನೋಡ್ಕೊಳ್ಳೋದು ನನಗ ಗೊತ್ತದ, ನಿಮ್ಮಪ್ಪ ನನಗ ಗೊತ್ತಿಲ್ಲ."

ಅಲ್ಲೇ ಕುಳಿತು ಒಂದು ಹಾಳೆ ಬರೆದೆ. ಬೆಳಗಿನ ಕೋಳಿಗೆ ಏಳುತ್ತಾನೆ. ಲೋಟದಲ್ಲಿ ಕೊಟ್ಟರೆ ನೀರು ಚೆಲ್ಲುತ್ತಾನೆ, ಬೊಗಸೆಗೆ ಹೊಯ್ಯಬೇಕು. ಖಾಕಿ ಬಟ್ಟೆ ಕಾಣಬಾರದು. ಹಿಂದಕ್ಕೆ ನಡೆಯುವಾಗ ಹೆಸರು ಹಿಡಿದು ಕೂಗಬಾರದು, ಎದುರಿನಿಂದ ಓಡಬಾರದು. ಕಲ್ಲಿನ ಬಗ್ಗೆ ಕೊನೆಯಲ್ಲಿ ಬರೆದೆ. ಅದನ್ನು ಎರಡು ಸಲ ಓದಿದ ಅವರು, "ಆ ಕಲ್ಲು ಇನ್ನೂ ಅದ ಏನ್ರಿ?" ಎಂದರು.

ಅಣ್ಣ ಮೋರಖಂಡಿಯ ಬಾವಿಯಿಂದ ಹಾರೆ ಹಾಕಿ ಅದನ್ನು ಕಿತ್ತ. ನಾಲ್ಕು ಜನ ಸೇರಿ ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರ್, "ಇದಕ್ಕ ಅರ್ಧಾ ಟಿಕೀಟ್ ಹರೀಲೋ, ಪೂರ್ತಿ ಹರೀಲೋ?" ಎಂದನಂತೆ. ಅಣ್ಣ, "ನಮ್ಮನ್ಯಾಗ ಎಲ್ಲಾರಗಿಂತ ಹಿರೇದು ಅದು, ಪೂರ್ತಿ ಹರಿ" ಎಂದನಂತೆ.

ಹೊಲದ ಮನೆಯ ಮುಂದಿನ ಅಂಗಳದಲ್ಲಿ, ಬಾವಿಯಿಂದ ದೂರ, ಬೇವಿನ ಮರದ ಕೆಳಗೆ ಅದನ್ನು ಹೂಳಿದೆವು. ನಾಲ್ಕು ಬೆರಳು ಮೇಲೆ ಕಾಣುವಂತೆ. ಅದರ ಮುಂದೆ ಮಣ್ಣು ಹಾಕಿ ಸಣ್ಣ ಇಳಿಜಾರು ಮಾಡಿದೆವು. ಅಪ್ಪನನ್ನು ಕರೆತಂದು ನಾವೂ ಅಲ್ಲೇ ಉಳಿದೆವು; ಮೊದಲ ಎರಡು ದಿನ ಅವನು ಅತ್ತ ಕಣ್ಣೂ ಹಾಯಿಸಲಿಲ್ಲ. ನಮ್ಮದು ಮಕ್ಕಳಾಟ ಎಂದುಕೊಂಡೆ. ನನ್ನನ್ನು, "ನೀ ಯಾವೂರಾಕಿ ಯವ್ವಾ?" ಎಂದು ಕೇಳುತ್ತ ಕಟ್ಟೆಯ ಮೇಲೆ ಕುಳಿತಿದ್ದ.

ಮೂರನೆಯ ದಿನ ಬೆಳಿಗ್ಗೆ ಅವನೇ ಎದ್ದು ಹೋಗಿ ಧೋತರ ಮೇಲೆ ಕಟ್ಟಿದ. ಇಳಿದ. ಹಿಂದಕ್ಕೆ ಬಂದ. ನನ್ನ ಎರಡೂ ಕೈ ಸೆರಗನ್ನು ಹಿಂಡುತ್ತಿದ್ದವು. ನೆಲ ಗಟ್ಟಿ ಇತ್ತು, ಬಾವಿ ಮನೆಯ ಆಚೆಗಿತ್ತು, ಎಲ್ಲ ಗೊತ್ತಿದ್ದೂ. ಹಿಮ್ಮಡಿ ನೆಲ ತಡವಿತು. ಒಂದು ಹೆಜ್ಜೆ. ಇನ್ನೊಂದು. ಕಲ್ಲು ತಾಗಿತು.

ಅಪ್ಪ ನಿಂತ. ಹಗ್ಗ ಹಿಡಿದ ಕೈ ಹಾಗೆಯೇ ಇತ್ತು. ಅವನು ಕಾಯುತ್ತಿದ್ದ.

ಅಣ್ಣ ಈ ಸಲ ಬೇವಿನ ಮರದ ಕಡೆ ಮುಖ ಮಾಡಿದ. ನರ್ಸಬಾಯಿ ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ. ಎಷ್ಟೋ ಹೊತ್ತಿನ ಮೇಲೆ, ತೆಳ್ಳಗೆ, ನನ್ನದಲ್ಲದ ಒಂದು ದನಿ ಬಂತು.

"ತುಂಬ್ತು ನೋಡ್ರಿ."

"ಇಷ್ಟೊತ್ತು ಎಲ್ಲಿ ಹೋಗಿದ್ದಿ?" ಎಂದ ಅಪ್ಪ, ತಿರುಗಿ ನೋಡದೆ, ಅವ್ವನೊಡನೆ ಆಡುತ್ತಿದ್ದ ಅದೇ ದನಿಯಲ್ಲಿ.

ಉತ್ತರಕ್ಕೆ ಅವನು ಕಾಯಲಿಲ್ಲ. ಎತ್ತುಗಳ ಹಿಂದೆ ಇಳಿದು ಹೋದ.