ಕುದಿಸಿದ ಔಷಧ

ರೋಣದ ದವಾಖಾನೆಯಲ್ಲಿ ಸಕ್ರವ್ವ ಹದಿನೆಂಟು ವರ್ಷ ಆಯಾ ಆಗಿ ದುಡಿದವಳು. ಅಕ್ಷರ ಬಾರದು. ಆದರೆ ಸೂಜಿ, ಕತ್ತರಿ, ಗಾಯದ ಬಟ್ಟೆ, ನೀರು, ಯಾವುದನ್ನೂ ಕುದಿಸದೆ ರೋಗಿಯ ಹತ್ತಿರ ಬಿಟ್ಟವಳಲ್ಲ. “ಕುದೀಲಾರದ್ದು ಮೈಗೆ ಹತ್ತಬಾರದು” ಎಂದು ಕಲಿಸಿದವರು ಡಾಕ್ಟರ್ ಪ್ರಭುಲಿಂಗಪ್ಪನವರೇ. ಕಂಪೌಂಡರ್ ಮರೆತರೆ ಅವನ ಜನ್ಮ ಜಾಲಾಡುತ್ತಿದ್ದಳು.

೧೯೫೬ರ ಮಾಗಿಯಲ್ಲಿ ಅವಳ ಮಗಳು ಗುಡ್ಡವ್ವನೇ ಅಲ್ಲಿಯ ಮಂಚ ಹಿಡಿದಳು. ನ್ಯುಮೋನಿಯಾ ಇಳಿಯಿತು, ಎದೆಗೂಡಿನಲ್ಲಿ ಕೀವು ಉಳಿಯಿತು. ಸೂಜಿ ಚುಚ್ಚಿ ಎಳೆದರೆ ಬಾರದು. ಗಂಜಿಯ ಹಾಗೆ ಗಟ್ಟಿ. ಹುಬ್ಬಳ್ಳಿಗೆ ಒಯ್ದು ಕೊಯ್ಯಿಸೋಣವೆಂದರೆ ದಾರಿಯಲ್ಲೇ ಜೀವ ಹೋಗುವ ಸ್ಥಿತಿ. ಇಪ್ಪತ್ತೆರಡರ ಹೆಣ್ಣು ಉಸಿರಿಗಾಗಿ ಬಾಯಿ ಬಿಡುತ್ತಿದ್ದಳು. ಕಡೆಗೆ ಡಾಕ್ಟರರು ಮುಂಬಯಿಯ ಗೆಳೆಯನಿಂದ ಒಂದೇ ಒಂದು ಸೀಸೆ ಪುಡಿ ತರಿಸಿದರು.

“ಸತ್ತ ಕಣದಾಗಿನ ಎಳಿ ಹೊರಗ ಬಂದು ಕೀವು ಅಂಟಾಗೇತಿ, ಸಕ್ರವ್ವ. ಈ ಪುಡಿ ಆ ಎಳಿ ಕಡೀತೈತಿ. ಕೀವು ತೆಳ್ಳಗಾಗಿ ಸೂಜಿಗೆ ಬರ್ತೈತಿ.”

ಆ ಎಳೆಯೇ ಡಿಎನ್ಎ. ಅದನ್ನು ತುಂಡರಿಸುವ ಕಿಣ್ವ ಇಂದು ಪ್ರಯೋಗಾಲಯಗಳಲ್ಲಿ ನಿತ್ಯದ ಸಾಮಾನು. ಅಂದು ರೋಣದಲ್ಲಿ ಇದ್ದದ್ದು ಆ ಒಂದು ಸೀಸೆಯಷ್ಟೇ.

ಡಾಕ್ಟರರು ಪುಡಿಯನ್ನು ನೀರಿಗೆ ಕಲೆಸಿದರು. ಅಷ್ಟರಲ್ಲಿ ಇಟಗಿಯಿಂದ ಕಷ್ಟದ ಹೆರಿಗೆಗೆ ಕರೆ ಬಂತು. “ಇದನ್ನ ತಂಪನ್ಯಾಗ ಇಡು. ಸಂಜಿಗೆ ಬಂದು ಹಾಕ್ತೀನಿ” ಎಂದು ಹೊರಟೇಬಿಟ್ಟರು.

ಸಕ್ರವ್ವ ಸೀಸೆ ಹಿಡಿದು ನೋಡಿದಳು. ಊರ ಮಂದಿಗೆಲ್ಲ ಕುದಿಸಿ ಕೊಟ್ಟು, ಹೆತ್ತ ಮಗಳಿಗೆ ಕುದಿಯದ್ದೇ? ಸ್ಟೋ ಹಚ್ಚಿ ಇಪ್ಪತ್ತು ನಿಮಿಷ ಕುದಿಸಿದಳು. ಆರಿಸಿ, ನೀರಿನ ಹರವಿಯ ಕೆಳಗಿನ ಹಸಿ ಉಸುಕಿನಲ್ಲಿ ಹುಗಿದಿಟ್ಟಳು. ಸಾಹೇಬರ ಎರಡೂ ಮಾತು ನಡೆಸಿದೆನೆಂದು ಅವಳಿಗೆ ಸಮಾಧಾನ.

ಸಂಜೆ ಔಷಧ ಎದೆಗೆ ಇಳಿಯಿತು. ಮರುದಿನ ಸೂಜಿಗೆ ಹನಿಯೂ ಬರಲಿಲ್ಲ.

“ಈಕಿಗೆ ಇದು ಹತ್ತಲಿಲ್ಲ” ಎಂದರು ಡಾಕ್ಟರರು.

“ಹ್ಯಾಂಗ ಹತ್ತೂದಿಲ್ರಿ? ನಾನ ಕೈಯಾರೆ ಕುದಿಸಿ ಇಟ್ಟೀನಿ.”

ಡಾಕ್ಟರರು ಖಾಲಿ ಸೀಸೆ ಕೈಗೆತ್ತಿಕೊಂಡರು. “ಕುದಿಸಿದ್ರ ಅದರ ಕಸುವು ಸಾಯ್ತೈತಿ, ಸಕ್ರವ್ವ. ತಪ್ಪು ನಂದು. ನಿನಗ ಹೇಳಲಿಲ್ಲ.”

ಹೌದು, ಅವರದೇ. ಸಾವಿರ ಸಲ ‘ಕುದಿಸು’ ಎಂದ ಬಾಯಿಗೆ ಅಂದು ಒಂದು ‘ಬ್ಯಾಡ’ ಬರಲಿಲ್ಲ.

“ಮತ್ತೊಂದು ಸೀಸಿ?”

“ಮುಂಬಯಿಗೆ ತಾರ ಕೊಡ್ತೀನಿ. ಎಂಟು ದಿನ ಹಿಡೀತೈತಿ.”

“ಅಲ್ಲೀತನಕ ಇರ್ತಾಳೇನ್ರಿ?”

ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ತಂತಿ ಬರೆಯಲು ಕಾಗದ ಎಳೆದುಕೊಂಡರು.

ಔಷಧ ಹತ್ತಿತೇ ಎಂದು ಮಗಳು ಕೇಳಿದಾಗ “ಹತ್ತೇತವ್ವ” ಎಂದಳು ತಾಯಿ. ಐದು ದಿನ ಅದನ್ನೇ ಹೇಳಿದಳು. ಆರನೆಯ ದಿನ ಗುಡ್ಡವ್ವ ಹೋದಳು.

ಸೀಸೆ ಒಂಬತ್ತನೆಯ ದಿನ ಬಂತು. ಅದೇ ಕಾಯಿಲೆಯಿಂದ ಸವಡಿಯ ಪರಶಪ್ಪ ಮಲಗಿದ್ದ, ಅವನಿಗೆ ಹಾಕಿದರು. ಮರುದಿನ ಅವನ ಕೀವು ಸೂಜಿಯಿಂದ ಸರಾಗ ಇಳಿದು ಬೋಗುಣಿ ತುಂಬಿತು. ಹಿಡಿದು ನಿಂತವಳು ಸಕ್ರವ್ವ. ಅವನು ಬದುಕುತ್ತಾನೆಂದು ಅವಳಿಗೆ ಸಂತೋಷವಾಗಲಿಲ್ಲ, ಹೊಟ್ಟೆ ಉರಿಯಿತು.

“ಗುಡ್ಡವ್ವಂದೂ ಹಿಂಗ ತೆಳ್ಳಗ ಆಗ್ತಿತ್ತೇನ್ರಿ?”

“ಆಗ್ತಿತ್ತು, ಸಕ್ರವ್ವ.”

ಅವಳು ಬೋಗುಣಿ ಚೆಲ್ಲಲು ಹಿತ್ತಲಿಗೆ ನಡೆದಳು.