ನಾನು ನೆಟ್ಟ ದೇವರು

ಬೇವಿನ ಮರದ ಪಾರ್ಕಿನಲ್ಲಿರುವ ಗಾಳೆಮ್ಮ ದೇವರಲ್ಲ, ಪಂಪಾವತಿ ಟೀಚರ್. ಅದು ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯಲ್ಲಿ ಬಾಗಿಲು ಬಡಿದುಕೊಳ್ಳದಂತೆ ಒತ್ತು ಕೊಡುತ್ತಿದ್ದ ಕಲ್ಲು. ಅದನ್ನು ತಂದು ಅಲ್ಲಿ ನೆಟ್ಟವನು ನಾನು. ಅರಿಶಿನ ಬಳಿದವನೂ ನಾನೇ. ನಿಮ್ಮ ಹುಡುಗಿಯರ ಖೋ-ಖೋ ಅಂಗಳ ಹೋದದ್ದು ಆ ಕಲ್ಲಿನಿಂದ — ಅಂದರೆ ನನ್ನಿಂದ.

ಕ್ಷಮೆ ಕೇಳಲು ಬರೆಯುತ್ತಿದ್ದಾನೆ ಅಂದುಕೊಳ್ಳಬೇಡಿ. ನಿಮ್ಮನ್ನು ಕಂಡರೆ ನನಗೆ ಆಗ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಈಗಲೂ ಆಗುವುದಿಲ್ಲ. ಆ ಬಿಗಿದ ಜಡೆ, ಕೊರಳಲ್ಲಿ ಸೀಟಿ, ಊರೆಲ್ಲ ನಿಮ್ಮ ಶಾಲೆಯ ಅಂಗಳವೇ ಎಂಬಂತೆ ಗದರುವ ಆ ದನಿ — ಇರಲಿ. ತಪ್ಪು ಮಾಡಿದವನಿಗೆ ಅನ್ಯಾಯಕ್ಕೊಳಗಾದವರ ಮೇಲೆ ಪ್ರೀತಿ ಹುಟ್ಟುತ್ತದೆ ಅನ್ನುವುದು ಸುಳ್ಳು. ನನಗೆ ಹುಟ್ಟಲಿಲ್ಲ.

ಸಂಡೂರಿನ ಗುಡ್ಡಗಳೆಲ್ಲ ಲಾರಿ ಹತ್ತಿ ಹೋಗುತ್ತಿದ್ದ ಕಾಲ ಅದು. ಗಾಳಿ ಬಂದಾಗ ತೂರಿಕೋ ಅಂತ ಊರೇ ತೂರಿಕೊಳ್ಳುತ್ತಿತ್ತು. ನಾನೂ ಗಿರಣಿ ಮಾರಿ ಎರಡು ಟಿಪ್ಪರ್ ತಂದೆ. ಯಶವಂತನಗರದಿಂದ ಅದಿರು ಹೊಡೆಯುವುದು, ಹೊಸಪೇಟೆಗೆ ಬಂದು ನಮ್ಮ ಮನೆಯೆದುರಿನ ಬೇವಿನ ಮರದ ಪಾರ್ಕಿನಲ್ಲಿ ಗಾಡಿ ನಿಲ್ಲಿಸುವುದು. ಪಾರ್ಕು ಅಂತ ಹೆಸರಿಗಷ್ಟೇ. ಒಳಗಿದ್ದದ್ದು ಮುರಿದ ಜಾರುಬಂಡೆ, ಬಳ್ಳಾರಿ ಜಾಲಿ. ಎರಡು ಓಣಿ ಆಚೆ ಕಾಲುವೆ ಪಕ್ಕದ ಪಾರ್ಕಿನಲ್ಲಿ ನೀವು ಎರಡು ಕಂಬ ನೆಟ್ಟು ಹುಡುಗಿಯರಿಗೆ ಖೋ-ಖೋ ಕಲಿಸುತ್ತಿದ್ದಿರಿ. ನಿಮ್ಮ ಪಾಡಿಗೆ ನೀವು, ನನ್ನ ಪಾಡಿಗೆ ನಾನು ಇರಬಹುದಾಗಿತ್ತು. ಒಂದು ಸಂಜೆ ನಮ್ಮ ಓಣಿಗೆ ಬಂದು, ನೆರೆಯವರೆಲ್ಲ ನೋಡುತ್ತಿರುವಾಗಲೇ ಅಂದಿರಿ:

"ಮಕ್ಕಳು ಆಡೋ ಜಾಗದಾಗ ಲಾರಿ ನಿಲ್ಸಾಕ ನಾಚಿಕಿ ಬರಂಗಿಲ್ಲೇನ್ರಿ ನಿಮಗ?"

ಮೈಯೆಲ್ಲ ಉರಿದುಹೋಯಿತು.

ಆಮೇಲೆ ಒಬ್ಬ ಗಣಿ ಧಣಿ, ಊರಿಗೆ ಶಟಲ್ ಕೋರ್ಟು ಕಟ್ಟಿಸಿಕೊಡುತ್ತೇನೆ ಅಂದ. ಜಾಗ ನಗರಸಭೆ ಕೊಡಬೇಕು. ಎರಡೂ ಪಾರ್ಕು ಲೆಕ್ಕಕ್ಕೆ ಬಂದವು. ನಮ್ಮೆದುರಿನದು ದೊಡ್ಡದು, ಖಾಲಿ. ಅದೇ ಸರಿ ಅಂತ ಎಲ್ಲರ ಬಾಯಲ್ಲೂ ಬಂತು. ನೀವೂ ಹಾಗೇ ಅರ್ಜಿ ಕೊಟ್ಟಿರಿ ಅಂತ ತಿಳಿಯಿತು. ನನ್ನ ಗಾಡಿಗಳನ್ನು ಅಲ್ಲಿಂದ ಎತ್ತಿಸಲು ಈಕೆ ಕಾದು ಕೂತಿದ್ದಾಳೆ ಅನ್ನಿಸಿತು. ಒಂದು ಮಧ್ಯಾಹ್ನ, ಬಿಸಿಲಿಗೆ ಹೆದರಿ ಓಣಿಯೆಲ್ಲ ಒಳಗೆ ಮಲಗಿದ್ದಾಗ, ಗಿರಣಿ ಮಾರಿದಾಗ ಮನೆಗೆ ತಂದಿಟ್ಟಿದ್ದ ಆ ಕಲ್ಲನ್ನು ಬೇವಿನ ಬುಡದಲ್ಲಿ ನೆಟ್ಟೆ. ಅರಿಶಿನ ಬಳಿದೆ, ಕುಂಕುಮ ಇಟ್ಟೆ, ಬೇವಿನ ಸೊಪ್ಪು ಮುಡಿಸಿದೆ. ವಾರದೊಳಗೆ ಯಾರೋ ಹೂ ಇಟ್ಟರು, ಇನ್ಯಾರೋ ಎಣ್ಣೆ ದೀಪ ಹಚ್ಚಿದರು. ನಮ್ಮೂರಿನಲ್ಲಿ ಅರಿಶಿನ ಬಿದ್ದ ಕಲ್ಲು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.

ನಗರಸಭೆಯವರು ಜಾಗ ನೋಡಲು ಬಂದ ದಿನ ನೀವೂ ಬಂದಿರಿ, ವಾದಿಸಲಿಕ್ಕೆಂದೇ. ಒಬ್ಬ ಸದಸ್ಯ ಕಲ್ಲು ನೋಡಿ, "ಇಲ್ಲಿ ದೇವ್ರು ಐತಲ್ರಿ, ಯಾವಾಗಿಂದ?" ಅಂದ. "ನಮ್ಮಪ್ಪನ ಕಾಲದಿಂದ ಐತ್ರಿ, ಗಾಳೆಮ್ಮ" ಅಂದೆ. ಸುಳ್ಳು ಅಂತ ನೀವು ಕೂಗುತ್ತೀರಿ ಅಂದುಕೊಂಡಿದ್ದೆ. ಜಗಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ. ನೀವು ಚಪ್ಪಲಿ ಬಿಟ್ಟಿರಿ. ಬಗ್ಗಿ ಕೈಮುಗಿದಿರಿ. ಆಮೇಲೆ —

"ತಾಯಿ ಇರೋ ಜಾಗ ಕೆದರಾದು ಬ್ಯಾಡ್ರಿ. ಏನರ ಆದ್ರ ಮಕ್ಕಳ ಮ್ಯಾಲ ಬರ್ತೈತಿ. ನಮ್ಮ ಜಾಗಾನ ತೊಗೊಳ್ರಿ. ಹುಡುಗ್ಯಾರನ್ನ ನಾ ಎಲ್ಲರ ಕರ್ಕೊಂಡು ಹೊಕ್ಕೀನಿ."

ಒಂದು ಮಾತು ಸಾಕಿತ್ತು. ಅದು ಬಾಗಿಲಿನ ಕಲ್ಲು ಅಂತ ಒಂದೇ ಮಾತು. ನಾಲಿಗೆಯ ತನಕ ಬಂದಿತ್ತೇ ಅಂದರೆ — ಇಲ್ಲ, ಬಂದಿರಲಿಲ್ಲ. ಒಳಗೊಳಗೇ ನಕ್ಕಿದ್ದೆ.

ನಿಮ್ಮ ಕಂಬ ಕಿತ್ತು ಕೋರ್ಟು ಕಟ್ಟಿದರು. ನೀವು ಹುಡುಗಿಯರನ್ನು ಹೈವೇ ಆಚೆಯ ಬಯಲಿಗೆ ಕರೆದೊಯ್ದಿರಿ. ಅದಿರು ಲಾರಿಗಳ ಸಾಲು ದಾಟಿ ಹೋಗಬೇಕು. ಯಾವ ತಾಯಿ ಕಳಿಸುತ್ತಾಳೆ? ಒಬ್ಬೊಬ್ಬಳಾಗಿ ಬಿಟ್ಟರು. ಜಿಲ್ಲೆಗೆ ಆಡಬೇಕಾಗಿದ್ದ ಹುಲಿಗೆಮ್ಮನನ್ನೂ ಅವರಪ್ಪ ಮನೆಯಲ್ಲಿ ಕೂರಿಸಿದ. ನನ್ನ ಟಿಪ್ಪರುಗಳು ಮಾತ್ರ ದೇವರ ಪಕ್ಕದಲ್ಲೇ ನಿಂತವು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಡ್ರೈವರುಗಳು ಕುಂಕುಮ ಹಚ್ಚಿಕೊಂಡೇ ಗಾಡಿ ತೆಗೆಯುತ್ತಿದ್ದರು.

ಗಣಿ ನಿಂತಿತು, ಟಿಪ್ಪರುಗಳು ಗುಜರಿಗೆ ಹೋದವು. ಈಗ ಅದೇನೋ ಪಿಕಲ್‌ಬಾಲ್ ಅನ್ನೋ ಹೊಸ ಆಟವಂತೆ, ಅದಕ್ಕೆ ಮತ್ತೆ ಜಾಗ ನೋಡುತ್ತಿದ್ದಾರೆ. ಓಣಿಯ ಹಿರಿಯ ಅಂತ ನನ್ನನ್ನು ಕೇಳಲು ಬಂದ ಹೊಸ ಸದಸ್ಯನಿಗೆ, ಅದು ದೇವರಲ್ಲ, ಗಿರಣಿ ಕಲ್ಲು ಅಂದೆ. "ಕಾಕಾ, ವಯಸ್ಸಾದೋರು ಹಂಗ ಅನಬಾರ್ದ್ರಿ" ಅಂತ ಅವನೇ ಕೆನ್ನೆ ಕೆನ್ನೆ ಬಡಿದುಕೊಂಡ. ಸುಳ್ಳನ್ನು ನಂಬಿದ ಊರು ನಿಜವನ್ನು ನಂಬಲೊಲ್ಲದು. ಸೋಮವಾರ ನಗರಸಭೆಯವರು ಜಾಗ ನೋಡಲು ಬಂದಾಗ ಎಲ್ಲರೆದುರು ಇದನ್ನೇ ಓದಿ ಹೇಳುತ್ತೇನೆ, ಬೈಸಿಕೊಳ್ಳುತ್ತೇನೆ. ಅದರಿಂದ ಹುಲಿಗೆಮ್ಮನಿಗೆ ಅವಳ ವಯಸ್ಸು ತಿರುಗಿ ಬರುವುದಿಲ್ಲ, ಗೊತ್ತು.

ಆದರೆ ಇಷ್ಟು ವರ್ಷ ನನ್ನನ್ನು ಕೊರೆದದ್ದು ಅದಲ್ಲ, ಟೀಚರ್. ಅಂಗಳ ಹೋದ ಮೇಲೆ ನೀವು ನಿಮ್ಮ ಮನೆಯಿದ್ದ ಟಿ.ಬಿ. ಡ್ಯಾಂನಿಂದ ಶುಕ್ರವಾರ ಶುಕ್ರವಾರ ಬಂದು ಆ ಕಲ್ಲಿಗೆ ಕಾಯಿ ಒಡೆಯುತ್ತಿದ್ದಿರಿ. ನಾನು ಟಿಪ್ಪರ್ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನಿಮಗಾಗಿ ಏನೂ ಬೇಡುತ್ತಿರಲಿಲ್ಲ. "ನಮ್ಮ ಹುಡುಗ್ಯಾರಿಗೆ ಆಡಾಕ ಒಂದು ಜಾಗ ಕೊಡವ್ವಾ" ಅನ್ನುತ್ತಿದ್ದಿರಿ, ಅಷ್ಟೇ. ಅದನ್ನು ಕೇಳಿಸಿಕೊಂಡವನು ಅಲ್ಲಿ ನಾನೊಬ್ಬನೇ. ಕೊಡುವುದು ನನ್ನ ಕೈಯಲ್ಲೇ ಇತ್ತು. ಕೊಡಲಿಲ್ಲ.